ಹತ್ತಕ್ಕೆ ಐದು ಬಂದ ಶಾಲೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದ ಊರುಗಳಲ್ಲಿ ಮನೆ ಹುಡುಕುವ ಕನ್ನಡದವರು ಅಡುಗೆಮನೆ, ದೇವರಮನೆಯ ಜಾಗಕ್ಕಿಂತ ಮೊದಲು ನೋಡುವುದು ಶಾಲೆಯ ಅಂಕವನ್ನು. ಮನೆ ಮಾರಾಟದ ಜಾಲತಾಣಗಳಲ್ಲಿ ಆ ವಿಳಾಸಕ್ಕೆ ಸೇರಿದ ಸರ್ಕಾರಿ ಶಾಲೆಗಳ ಹೆಸರೂ ಹತ್ತಕ್ಕೆ ಇಷ್ಟು ಎಂಬ ಅಂಕವೂ ಇರುತ್ತವೆ. ಪರೀಕ್ಷೆಯ ಫಲಿತಾಂಶವೇ ಆ ಅಂಕದ ಮುಖ್ಯ ಆಧಾರ. ಸಾಮಾನ್ಯವಾಗಿ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ತೋರಿಸಿಯೇ ಸೇರಿಸಬೇಕು. ಬೀದಿಯ ಒಂದು ಬದಿಗೆ ಒಂದು ಶಾಲೆ, ಎದುರು ಬದಿಗೆ ಇನ್ನೊಂದು ಆಗುವುದೂ ಉಂಟು. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ ಮಸಾಚುಸೆಟ್ಸ್ ರಾಜ್ಯದಲ್ಲಿ ಇಂಥ ಗಡಿಗಳ ಎರಡೂ ಬದಿಯ ಮನೆಗಳನ್ನು ಹೋಲಿಸಿ 1999ರಲ್ಲಿ ಅಧ್ಯಯನ ಪ್ರಕಟಿಸಿದರು. ಶಾಲೆಯ ಪರೀಕ್ಷಾ ಸರಾಸರಿ ಶೇ 5ರಷ್ಟು ಹೆಚ್ಚಿದ್ದರೆ ಮನೆಗೆ ಶೇ 2.5ರಷ್ಟು ಹೆಚ್ಚು ಹಣ ಕೊಡಲು ಪೋಷಕರು ಸಿದ್ಧರಿರುತ್ತಾರೆ ಎಂಬುದು ಅದರ ಸಾರ.

ನಾವು ಮನೆ ಮಾಡಿರುವ ಕಡೆಯ ಮಿಡ್ಲ್ ಸ್ಕೂಲಿಗೆ ಹತ್ತಕ್ಕೆ ಐದು. ಮಿಡ್ಲ್ ಸ್ಕೂಲ್ ಎಂದರೆ ಆರರಿಂದ ಎಂಟನೇ ತರಗತಿ. "ಆ ಕಡೆ ಮನೆ ಮಾಡಬೇಡಿ, ಮಕ್ಕಳ ಮುಂದಿನ ದಾರಿ ನೋಡಿ" ಎಂದು ಹಿತೈಷಿಗಳು ಹೇಳಿದ್ದರು. ನನ್ನ ಮಗಳು ಅಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ನಾನು ಆ ಶಾಲೆಯ ಸ್ಕೂಲ್ ಸೈಟ್ ಕೌನ್ಸಿಲ್‌ನ ಸದಸ್ಯೆ. ಊರಿನವರಿಗೆ ಎಸ್‌ಡಿಎಂಸಿ ಎಂದರೆ ಬೇಗ ಅರ್ಥವಾದೀತು. ಸಿಬ್ಬಂದಿ ಮತ್ತು ಪೋಷಕರು ಕೂತು ಶಾಲೆಯ ವರ್ಷದ ಯೋಜನೆ, ಖರ್ಚು ತೀರ್ಮಾನಿಸುವ ಸಮಿತಿ ಇದು. ಆ ಐದರ ಹಿಂದೆ ಯಾರಿದ್ದಾರೆ ಎಂಬುದು ಈ ಸಮಿತಿಯ ಮೇಜಿಗೆ ಬರುವ ಹಾಳೆಗಳಲ್ಲಿ ಕಾಣುತ್ತದೆ.

2002ರ ಜನವರಿಯಲ್ಲಿ ಜಾರಿಗೆ ಬಂದ ಒಕ್ಕೂಟ ಕಾನೂನೊಂದು ಫಲಿತಾಂಶವನ್ನು ಗುಂಪುವಾರು ಬಿಡಿಸಿ ತೋರಿಸಬೇಕೆಂದು ಎಲ್ಲ ಸರ್ಕಾರಿ ಶಾಲೆಗಳಿಗೆ ಕಡ್ಡಾಯ ಮಾಡಿತು: ಜನಾಂಗ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಕಲಿಯುತ್ತಿರುವವರು. 2015ರಲ್ಲಿ ಬಂದ ಹೊಸ ಕಾನೂನೂ ಇದನ್ನು ಉಳಿಸಿಕೊಂಡಿತು. ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷ ಭಾಷೆ ಮತ್ತು ಗಣಿತದ ಪರೀಕ್ಷೆ ಇರುತ್ತದೆ. ಕ್ಯಾಲಿಫೋರ್ನಿಯಾ ಅದರ ಫಲಿತಾಂಶವನ್ನು ಅತಿ ಕೆಳಗಿನ ಕೆಂಪಿನಿಂದ ಅತಿ ಮೇಲಿನ ನೀಲಿಯವರೆಗೆ ಐದು ಬಣ್ಣಗಳಲ್ಲಿ ಪ್ರಕಟಿಸುತ್ತದೆ. ನಮ್ಮ ಶಾಲೆಯ ಹಾಳೆಯಲ್ಲಿ ಒಂದು ಗುಂಪಿನ ಸಾಲು ನೀಲಿ, ಅದರ ಕೆಳಗಿನ ಗುಂಪಿನದು ಕಿತ್ತಳೆ. ಎರಡೂ ಗುಂಪಿಗೆ ಪಾಠ ಹೇಳುವವರು ಅದೇ ಶಿಕ್ಷಕರು, ಓದುವುದು ಅದೇ ಪುಸ್ತಕ. ಹತ್ತಕ್ಕೆ ಐದು ಎಂಬ ಸರಾಸರಿ ಇವೆರಡರಲ್ಲಿ ಯಾವ ಮಗುವಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲೆಗಳ ಪಟ್ಟಿ ಅಚ್ಚಾಗುತ್ತದೆ. 2024ರಲ್ಲಿ ಉಡುಪಿ ಮೊದಲ ಸ್ಥಾನದಲ್ಲಿತ್ತು, ಯಾದಗಿರಿ ಕೊನೆಯಲ್ಲಿತ್ತು. ಯಾದಗಿರಿಯ ಮೇಷ್ಟ್ರು ಉಡುಪಿಯ ಮೇಷ್ಟ್ರಿಗಿಂತ ಕಡಿಮೆ ದುಡಿದರು ಎಂದು ಆ ಪಟ್ಟಿಯಿಂದ ಹೇಳಲಾಗದು. ಗುಳೆ ಹೋಗುವ ಕುಟುಂಬಗಳೂ ಅಕ್ಷರ ಕಲಿಯದ ತಾಯಂದಿರೂ ಆ ಅಂಕದೊಳಗೆ ಇದ್ದಾರೆ. ಇಲ್ಲಿನ ಶಾಲೆಯ ಅಂಕದೊಳಗೂ ಹಾಗೆಯೇ ಮನೆಗಳಿವೆ. ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯೇ ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತದೆ ಎಂದು ಅಮೆರಿಕ ಸರ್ಕಾರಕ್ಕಾಗಿ ತಯಾರಾದ ಕೋಲ್ಮನ್ ವರದಿ 1966ರಷ್ಟು ಹಿಂದೆಯೇ ಹೇಳಿತ್ತು. ಶಾಲೆಗೆ ಕೆಲಸವೇ ಇಲ್ಲ ಎಂದು ಇದರಿಂದ ತಿಳಿಯಬೇಕಾಗಿಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಶಾನ್ ರಿಯರ್ಡನ್ ಅಮೆರಿಕದ ಬಹುತೇಕ ಎಲ್ಲ ಶಾಲಾ ಜಿಲ್ಲೆಗಳ, ಅಂದರೆ ಒಂದೇ ಆಡಳಿತದ ಕೆಳಗಿನ ಶಾಲೆಗಳ ಗುಂಪುಗಳ, ಅಂಕಗಳನ್ನು ಕಲೆಹಾಕಿ, ಮಕ್ಕಳು ಈಗ ಎಲ್ಲಿದ್ದಾರೆ ಎಂಬುದನ್ನೂ ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋದರು ಎಂಬುದನ್ನೂ ಬೇರೆಬೇರೆಯಾಗಿ ಅಳೆದರು. ಮೊದಲನೆಯದು ಹಣವಂತ ಊರುಗಳ ಜೊತೆ ಹೊಂದಿಕೊಂಡು ಸಾಗಿತು. ಎರಡನೆಯದಕ್ಕೂ ಹಣಕ್ಕೂ ನಂಟು ತೀರಾ ಸಡಿಲ. ಎಲ್ಲರೂ ಮೂಗು ಮುರಿಯುತ್ತಿದ್ದ ಶಿಕಾಗೊ ನಗರದ ಮಕ್ಕಳು ಮೂರರಿಂದ ಎಂಟನೇ ತರಗತಿಗೆ ಬರುವ ಐದು ವರ್ಷಗಳಲ್ಲಿ ಆರು ವರ್ಷದಷ್ಟು ಕಲಿತಿದ್ದರು.

ಇನ್ನು ನಮ್ಮವರ ಅಂಕದ ಮಾತು. ಅಮೆರಿಕದಲ್ಲಿರುವ ಭಾರತ ಮೂಲದ ವಯಸ್ಕರಲ್ಲಿ ಸುಮಾರು ಮುಕ್ಕಾಲು ಪಾಲು ಪದವೀಧರರು. ಪದವಿ ಕೇಳುವ ಎಚ್1ಬಿ ವೀಸಾ ಎಂಬ ಜರಡಿಯಲ್ಲಿ ಸೋಸಿ ಬಂದವರ ಮಕ್ಕಳು ಇವರು. ಪುಸ್ತಕವಿರುವ ಮನೆ, ಸಂಜೆ ಏಳಕ್ಕೆ ಗಣಿತ ಹೇಳಿಕೊಡಲು ಕೂರುವ ಅಪ್ಪ, ಶನಿವಾರದ ಖಾಸಗಿ ಕೋಚಿಂಗು. ಈ ಮಕ್ಕಳು ಹೋದ ಶಾಲೆಯ ಅಂಕ ಏರುತ್ತದೆ, ಏರಿದ್ದನ್ನು ನೋಡಿ ಇನ್ನಷ್ಟು ನಮ್ಮವರು ಅಲ್ಲಿಗೆ ಬರುತ್ತಾರೆ, ಮನೆಯ ಬೆಲೆ ಮುಗಿಲು ಮುಟ್ಟುತ್ತದೆ, ಬಾಡಿಗೆ ಕಟ್ಟಲಾಗದವರು ಊರು ಬಿಡುತ್ತಾರೆ. ಆಮೇಲೆ ಎಲ್ಲರೂ ಅದನ್ನು ಒಳ್ಳೆಯ ಶಾಲೆ ಎನ್ನುತ್ತಾರೆ. ನನಗೆ ಇದು ನೋವಿನ ಸಂಗತಿ.

ಶಾಲೆಗೆ ಸೇರಿಸುವಾಗ ಒಂದು ನಮೂನೆ ತುಂಬಬೇಕು: ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು ಎಂದು ಅದು ಕೇಳುತ್ತದೆ. ಕನ್ನಡ ಎಂದು ಬರೆದರೆ ಮಗು ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಗೆ ಕೂರಬೇಕು. ತೇರ್ಗಡೆಯಾಗದಿದ್ದರೆ 'ಇಂಗ್ಲಿಷ್ ಕಲಿಯುವವರು' ಎಂಬ ಗುಂಪಿಗೆ ಸೇರುತ್ತದೆ. ಇದಕ್ಕೆ ಹೆದರಿ ಇಂಗ್ಲಿಷ್ ಎಂದೇ ಬರೆಯುವ ಕನ್ನಡದ ಮನೆಗಳು ನನಗೆ ಗೊತ್ತು. ನಾವು ಕನ್ನಡ ಎಂದೇ ಬರೆದೆವು. ಮಗಳು ಆ ಗುಂಪಿಗೆ ಸೇರಿ ಮೂರನೇ ತರಗತಿಯ ಹೊತ್ತಿಗೆ ಹೊರಬಂದಳು. ಗಮನಿಸಬೇಕಾದ್ದು ಇಲ್ಲಿದೆ: ಚೆನ್ನಾಗಿ ಕಲಿತ ಮಗು ಗುಂಪಿನಿಂದ ಹೊರಗೆ ಹೋಗುತ್ತದೆ, ಉಳಿಯುವವರು ಇನ್ನೂ ಕಲಿಯದವರು. ಹಾಗಾಗಿ ಆ ಗುಂಪಿನ ಅಂಕ ಎಂದಿಗೂ ಕೆಳಗೇ ಕಾಣುತ್ತದೆ. ಅದನ್ನು ನೋಡಿ 'ಈ ಮಕ್ಕಳಿಗೆ ತಲೆಗೆ ಹತ್ತುವುದಿಲ್ಲ' ಎನ್ನುವುದು ಅನ್ಯಾಯ.

ಈ ವರ್ಷದ ಒಂದು ಸಭೆಗೆ ಸ್ಪ್ಯಾನಿಷ್ ಮಾತನಾಡುವ ತಾಯಿಯೊಬ್ಬರು ಬಂದಿದ್ದರು. ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸ ಅವರದು, ಎದೆಯ ಮೇಲೆ ಕಂಪನಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಅನುವಾದಕರ ಮೂಲಕ ಅವರು ಕೇಳಿದ್ದು ಇಷ್ಟು: "ನನ್ನ ಮಗ ಇದೇ ದೇಶದಲ್ಲಿ ಹುಟ್ಟಿದವನು, ಒಂದನೇ ತರಗತಿಯಿಂದ ಈ ಗುಂಪಿನಲ್ಲಿದ್ದಾನೆ. ಅವನು ತುತ್ತೂರಿ ನುಡಿಸುತ್ತಿದ್ದ. ಈಗ ಯಾಕೆ ಅವನಿಗೆ ಸಂಗೀತದ ತರಗತಿ ಇಲ್ಲ?"

ಕಾರಣ ವೇಳಾಪಟ್ಟಿ. ದಿನದಲ್ಲಿ ಮಕ್ಕಳು ತಾವೇ ಆರಿಸಿಕೊಳ್ಳಬಹುದಾದ ಅವಧಿ ಒಂದೇ. ನನ್ನ ಮಗಳು ಅದರಲ್ಲಿ ಪಿಟೀಲು ಕಲಿಯುತ್ತಾಳೆ. ಆ ಗುಂಪಿನ ಮಕ್ಕಳು ಅದೇ ಅವಧಿಯಲ್ಲಿ ಹೆಚ್ಚುವರಿ ಇಂಗ್ಲಿಷ್ ಪಾಠಕ್ಕೆ ಕೂರಬೇಕು. ಆರು ವರ್ಷ ಕಳೆದರೂ ಹೊರಬರದವರು ಮಿಡ್ಲ್ ಸ್ಕೂಲಿನ ಮೂರೂ ವರ್ಷ ಸಂಗೀತ, ಚಿತ್ರಕಲೆ ಎರಡನ್ನೂ ಬಿಟ್ಟು ಕೂರುವ ಸಂಭವವಿದೆ. ಶಾಲೆಗೆ ಬರಲು ಮನಸ್ಸು ತರುವ ಏಕೈಕ ತರಗತಿಯನ್ನೇ ಕಿತ್ತುಕೊಂಡು, ಹಾಜರಾತಿ ಯಾಕೆ ಕುಸಿಯಿತು ಎಂದು ನಾವು ಸಮಿತಿಯಲ್ಲಿ ಚರ್ಚಿಸುತ್ತಿದ್ದೆವು.

ಬೆಳಗಿನ ಮೊದಲ ಗಂಟೆಗೂ ಮುಂಚೆ 'ಜೀರೋ ಪೀರಿಯಡ್' ಇಟ್ಟು ಸಂಗೀತ ಕಲಿಸೋಣ ಎಂಬ ಸಲಹೆ ಬಂತು. 2022ರಿಂದ ಇಲ್ಲಿನ ಮಿಡ್ಲ್ ಸ್ಕೂಲುಗಳು ಎಂಟಕ್ಕೆ ಮೊದಲು ಶುರುವಾಗುವಂತಿಲ್ಲ. ಈ ಅವಧಿಗೆ ಮಾತ್ರ ವಿನಾಯಿತಿ. ಆದರೆ ನಮ್ಮ ಶಾಲೆಗೆ ಬಸ್ ಇಲ್ಲ. ರಾತ್ರಿ ಪಾಳಿ ಮುಗಿಸಿ ಆ ತಾಯಿ ಮನೆ ಮುಟ್ಟುವುದೇ ಏಳೂವರೆಗೆ. ಮಗನನ್ನು ಕರೆತರುವವರು ಯಾರು? ಕೊನೆಗೆ, ಹೆಚ್ಚುವರಿ ಪಾಠವನ್ನು ದಿನನಿತ್ಯದ ಇಂಗ್ಲಿಷ್ ತರಗತಿಯೊಳಗೇ ತಂದು, ಅಲ್ಲಿ ಎರಡನೆಯ ಶಿಕ್ಷಕರನ್ನು ನಿಲ್ಲಿಸುವುದೆಂದು ಮತ ಹಾಕಿದೆವು.

ಅದಕ್ಕೆ ಹಣವೂ ಇದೆ. 2013ರಲ್ಲಿ ಬಂದ ರಾಜ್ಯದ ಅನುದಾನ ಸೂತ್ರದಂತೆ ಬಡ ಕುಟುಂಬದ, ಇಂಗ್ಲಿಷ್ ಕಲಿಯುವ, ಹೆತ್ತವರಿಂದ ದೂರವಾಗಿ ಸರ್ಕಾರ ಒಪ್ಪಿಸಿದ ಬೇರೆ ಕುಟುಂಬಗಳಲ್ಲಿ ಬೆಳೆಯುವ ಪ್ರತಿ ಮಗುವಿಗೆ ಮೂಲ ಅನುದಾನದ ಮೇಲೆ ಶೇ 20 ಹೆಚ್ಚು ಬರುತ್ತದೆ. ಬಡತನದ ಲೆಕ್ಕ ಸರಿಯಾಗಿ ಸಿಗಬೇಕಾದರೆ ಪೋಷಕರು ಆದಾಯದ ನಮೂನೆ ತುಂಬಿಕೊಡಬೇಕು. 2022–23ರಿಂದ ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಊಟ ಎಲ್ಲ ಮಕ್ಕಳಿಗೂ ಉಚಿತವಾದ್ದರಿಂದ, ಊಟಕ್ಕಾಗಿ ಆ ನಮೂನೆ ತುಂಬುತ್ತಿದ್ದವರು ಈಗ ಅದನ್ನು ಹಾಗೆಯೇ ಬಿಡುತ್ತಾರೆ. ಮುಂದಿನ ತಿಂಗಳು ಸಮಿತಿಯ ಪೋಷಕರು ಮನೆಮನೆಗೆ ಫೋನ್ ಮಾಡಿ ಅದನ್ನು ತುಂಬಿಸುವ ಕೆಲಸ ಹಂಚಿಕೊಂಡಿದ್ದೇವೆ. ಸ್ಪ್ಯಾನಿಷ್ ಮನೆಗಳ ಪಟ್ಟಿಯನ್ನು ಆ ತಾಯಿ ತೆಗೆದುಕೊಂಡಿದ್ದಾರೆ, ತೆಲುಗು, ಕನ್ನಡದ ಮನೆಗಳು ನನ್ನ ಪಾಲಿಗೆ ಬಂದಿವೆ.