ಅಟ್ಟದ ಸಾಮಾನನ್ನು ತಕ್ಕಡಿಗೆ ಹಾಕುವ ಮೊದಲು

ಮಲೆನಾಡಿನವರಿಗೆ ಹರಾಜು ಹೊಸದೇನಲ್ಲ. ಸಾಗರ, ತೀರ್ಥಹಳ್ಳಿ, ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿದ ಯಾರನ್ನೇ ಕೇಳಿ, ಅಡಿಕೆಯ ದರ್ಜೆಗಳಲ್ಲಿ ಸರಕು ಯಾವುದು, ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಯಾವುದು ಅಂತ ಒಂದು ಹಿಡಿ ಕೈಗೆತ್ತಿಕೊಂಡೇ ಹೇಳುತ್ತಾರೆ. ಗಣಪತಿ ಬಿಡುವ ದಿನ ಫಲಾವಳಿ ಸವಾಲಿನಲ್ಲಿ, ಅಂದರೆ ದೇವರ ಮುಂದೆ ಕಟ್ಟಿದ ಹಣ್ಣುಕಾಯಿಗಳ ಹರಾಜಿನಲ್ಲಿ, ಎಲ್ಲಿ ನಿಲ್ಲಬೇಕು, ಎಲ್ಲಿ ಇನ್ನೊಂದು ನೂರು ಏರಿಸಬೇಕು ಅನ್ನುವ ಅಂದಾಜೂ ಇರುತ್ತದೆ. ಮೇಲ್ದರ್ಜೆಯ ಸರಕನ್ನು ಕಡಿಮೆ ದರ್ಜೆಯ ಗೊರಬಲಿನ ಜೊತೆ ಸುರಿದು ಒಂದೇ ದರಕ್ಕೆ ಕೊಡುವ ಬೆಳೆಗಾರ ನಮ್ಮಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆದರೆ ಹಳೆಯ ಮನೆ ಬಿಚ್ಚುವಾಗ, ಹಿಸ್ಸೆಯಾಗುವಾಗ, ಅಟ್ಟದಿಂದ ಇಳಿದ ಸಾಮಾನಿನ ವಿಷಯದಲ್ಲಿ ನಾವು ಮಾಡುವುದು ಸರಿಯಾಗಿ ಅದನ್ನೇ. ತಾಮ್ರದ ಹಂಡೆ, ಕಂಚಿನ ಬಟ್ಟಲು, ತೂಗುದೀಪ, ಎಲೆಯಡಿಕೆ ತಟ್ಟೆ, ಸುಣ್ಣದ ಡಬ್ಬಿ, ಅಡಕತ್ತರಿ, ಸೇರು, ಪಾವು, ಎಲ್ಲವೂ ಒಂದೇ ತಕ್ಕಡಿಗೆ. ಗುಜರಿಯವರು ಪಿಕಪ್ ತಂದು ನಿಲ್ಲಿಸುತ್ತಾರೆ, ಹಿತ್ತಾಳೆಗೆ ಕೆಜಿಗೆ ಇಷ್ಟು, ತಾಮ್ರಕ್ಕೆ ಇಷ್ಟು. ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ತಲೆಮಾರಿನ ಸಾಮಾನು ಖಾಲಿ. ಇದನ್ನು ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಮಾರಬಾರದು ಅಂತ ನಾನು ಹೇಳುತ್ತಿಲ್ಲ. ಎರಡು ಕೋಣೆಯ ಮನೆಗೆ ಹೋಗುವವರು ಐವತ್ತು ಜನರಿಗೆ ಅನ್ನ ಬೇಯಿಸುವ ಪಾತ್ರೆ ಇಟ್ಟುಕೊಂಡು ಏನು ಮಾಡಬೇಕು? ಮಾರಿ. ಆದರೆ ಏನು ಮಾರುತ್ತಿದ್ದೇವೆ ಅಂತ ತಿಳಿದು ಮಾರಿ, ಅದರ ಕಥೆಯನ್ನು ಬರೆದಿಟ್ಟು ಮಾರಿ. ಹಳೆಯ ವಸ್ತುಗಳ ಹರಾಜನ್ನು ಬಹಳ ವರ್ಷಗಳಿಂದ ಗಮನಿಸುತ್ತಾ ಬಂದಿದ್ದೇನೆ. ಅಲ್ಲಿ ವಸ್ತುವಿನಷ್ಟೇ ಅದರ ಪೂರ್ವಾಪರಕ್ಕೂ ಬೆಲೆ. ಯಾರ ಮನೆಯದು, ಯಾವ ಕಾಲದ್ದು, ಯಾರ ಕೈಯಿಂದ ಯಾರ ಕೈಗೆ ಬಂತು, ಅದಕ್ಕೆ ಕಾಗದ ಏನಿದೆ, ಹಳೆಯ ಫೋಟೋ ಇದೆಯಾ. ನಮ್ಮಲ್ಲಿ ಗುಜರಿಗೆ ಹೋಗುವ ಕ್ಷಣದಲ್ಲೇ ಸಾಯುವುದು ಇದು.

ಇದಕ್ಕೆ ದೊಡ್ಡ ಉದಾಹರಣೆ ಬೇಕಾದರೆ 2023ರ ಮೇ ತಿಂಗಳು ನೆನಪಿಸಿಕೊಳ್ಳಿ. ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಜಾಸ್ತಿ. ಹರಾಜಿನವರೇ ಮೊದಲು ಅಂದಾಜು ಮಾಡಿದ್ದು 15ರಿಂದ 20 ಲಕ್ಷ ಪೌಂಡ್. ಕತ್ತಿ ಚೆಂದವಿತ್ತು, ಹಿಡಿಯ ಮೇಲಿನ ಚಿನ್ನದ ಕೆಲಸ ಅದ್ಭುತ, ಅದು ಸರಿ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಡೇವಿಡ್ ಬೇರ್ಡ್ ಅನ್ನುವ ಸೇನಾಧಿಕಾರಿಗೆ ಕೊಟ್ಟಿದ್ದು ಅಂತ ಕತ್ತಿಯ ಮೇಲೇ ಬರೆದಿದೆ. ಆ ಬರಹ ಇಲ್ಲದಿದ್ದರೆ ಅದು ಹದಿನೆಂಟನೇ ಶತಮಾನದ ಒಂದು ಒಳ್ಳೆಯ ಕತ್ತಿ, ಅಷ್ಟೇ. ಲೂಟಿಯ ಮಾಲು ಹೀಗೆ ಮಾರಾಟವಾಗುವುದು ಸರಿಯಾ ಅನ್ನುವ ಪ್ರಶ್ನೆ ಬೇರೆ ಇದೆ. ನನಗಂತೂ ಅದು ಕರ್ನಾಟಕದಲ್ಲೇ ಇರಬೇಕಿತ್ತು ಅನ್ನಿಸುತ್ತದೆ.

ನಮ್ಮ ಜಿಲ್ಲೆಯದೇ ಬೇಕಾ? ಹೊಸನಗರ ತಾಲ್ಲೂಕಿನ ನಗರ, ಅಂದರೆ ಕೆಳದಿ ಅರಸರ ಬಿದನೂರು. 2018ರಲ್ಲಿ ಅಲ್ಲಿನ ಒಂದು ಪಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಟಿಪ್ಪು ಕಾಲದ ಯುದ್ಧದ ರಾಕೆಟ್‌ಗಳು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇದ್ದಿದ್ದರಿಂದ ಪುರಾತತ್ವ ಇಲಾಖೆಯವರು ಅಗೆದು ತೆಗೆದರು, ಈಗ ಅವು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದ ಸೊತ್ತು. ಒಂದು ಕ್ಷಣ ಯೋಚನೆ ಮಾಡಿ. ಇತಿಹಾಸ ಗೊತ್ತಿಲ್ಲದವರಿಗೆ ಅವು ತುಕ್ಕು ಹಿಡಿದ ಪೈಪು. ಗುಜರಿಯಲ್ಲಿ ತೂಗಿದ್ದರೆ ಹಳೇ ಕಬ್ಬಿಣದ ದರ. ಜಗತ್ತಿನಲ್ಲಿ ಬೇರೆಲ್ಲೂ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸಿಗದ ವಸ್ತು ಕರಗಿ ಕಿಟಕಿ ಸರಳಾಗಿಬಿಡುತ್ತಿತ್ತು.

ನಾಣ್ಯದ ಮಾತಿಗೆ ಬರುತ್ತೇನೆ, ನನಗೆ ಬಹಳ ಪ್ರೀತಿಯ ವಿಷಯ. ಕೆಳದಿ ಅರಸರ ಇಕ್ಕೇರಿ ವರಹ ನೋಡಿದ್ದೀರಾ? ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಸುಮಾರು 3.4 ಗ್ರಾಂ ಚಿನ್ನ. ಒಂದು ಕಡೆ ಶಿವ ಪಾರ್ವತಿ ಕೂತಿದ್ದಾರೆ, ಇನ್ನೊಂದು ಕಡೆ ನಾಗರಿಯಲ್ಲಿ ಸದಾಶಿವ ಅಂತ ಹೆಸರು. ಅಷ್ಟು ಸಣ್ಣ ಜಾಗದಲ್ಲಿ ಅಚ್ಚು ಕೊರೆದವನ ಕೈ ಎಂಥದ್ದಿರಬೇಕು! 1763ರಲ್ಲಿ ಹೈದರ್ ಅಲಿ ಬಿದನೂರು ಗೆದ್ದ ಮೇಲೂ ಶಿವ ಪಾರ್ವತಿಯನ್ನು ತೆಗೆಯಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಒತ್ತಿಸಿದ, ಅದೇ ಬಹದ್ದೂರಿ ಹೊನ್ನು. ಜನ ನಂಬಿ ಕೈಗೆ ತೆಗೆದುಕೊಳ್ಳುತ್ತಿದ್ದ ನಾಣ್ಯದ ಮುಖವನ್ನು ಯಾಕೆ ಬದಲಿಸಬೇಕು, ಅಲ್ವಾ? ಇಂಥ ನಾಣ್ಯಗಳು ನಮ್ಮ ಊರುಗಳಲ್ಲಿ ಸರಕ್ಕೆ ಪೋಣಿಸಲು ತೂತು ಬಿದ್ದು, ಕೊಂಡಿ ಬೆಸುಗೆ ಹಾಕಿಸಿಕೊಂಡು, ಕೊನೆಗೆ ಮದುವೆ ಖರ್ಚಿಗೆ ಅಂತ ಅಕ್ಕಸಾಲಿಗರ ಕುಲುಮೆಗೆ ಹೋಗಿವೆ. ತೂತು ಬಿದ್ದ ನಾಣ್ಯಕ್ಕೆ ಹರಾಜಿನಲ್ಲಿ ಬೆಲೆ ಬಹಳ ಕಡಿಮೆ. ಆದರೂ ಕರಗಿಸುವ ಮೊದಲು ಒಬ್ಬ ನಾಣ್ಯ ಬಲ್ಲವರಿಗೆ ತೋರಿಸಿ. ಬೆಂಗಳೂರಿನ ಮರುಧರ್ ಆರ್ಟ್ಸ್‌ನಂಥವರು ನಾಣ್ಯಗಳಿಗೇ ಹರಾಜು ನಡೆಸುತ್ತಾರೆ. ಅವರ ಕ್ಯಾಟಲಾಗ್ ತಿರುವಿಹಾಕಿದರೇ ಅರ್ಧ ಪಾಠವಾಗುತ್ತದೆ.

ಮತ್ತೆ ದಯವಿಟ್ಟು ತೊಳೆಯಬೇಡಿ. ದೀಪದ ಕಂಬಕ್ಕೆ ಹುಣಸೆಹಣ್ಣು, ಬೂದಿ, ಪೀತಾಂಬರಿ ಏನು ಬೇಕಾದರೂ ಹಾಕಿ ಉಜ್ಜುವುದು ನಮ್ಮ ರೂಢಿ, ಪೂಜೆಗೆ ಬಳಸುವ ದೀಪಕ್ಕೆ ಅದು ಬೇಕು ಕೂಡ. ನಾಣ್ಯಕ್ಕೆ ಮಾತ್ರ ಬೇಡವೇ ಬೇಡ. ನೂರಾರು ವರ್ಷ ಕೂತ ಬಣ್ಣವೇ ಅದರ ವಯಸ್ಸಿನ ಸಾಕ್ಷಿ. ಉಜ್ಜಿದ ನಾಣ್ಯವನ್ನು ಸಂಗ್ರಹಕಾರರು ಒಂದೇ ನೋಟಕ್ಕೆ ಗುರುತಿಸಿ ಬದಿಗಿಡುತ್ತಾರೆ.

ಹರಾಜು ಹೇಗೆ ನಡೆಯುತ್ತದೆ ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ನೀವು ವಸ್ತು ಕೊಡುತ್ತೀರಿ, ಅವರು ಪರೀಕ್ಷಿಸಿ, ಫೋಟೋ ತೆಗೆದು, ಲಾಟ್ ನಂಬರ್ ಹಾಕಿ ಕ್ಯಾಟಲಾಗಿನಲ್ಲಿ ಅಂದಾಜು ಬೆಲೆ ಬರೆಯುತ್ತಾರೆ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವ ರಿಸರ್ವ್ ಬೆಲೆಯನ್ನು ಮೊದಲೇ ಮಾತಾಡಿಕೊಳ್ಳಬಹುದು, ಸಾಮಾನ್ಯವಾಗಿ ಅದು ಗುಟ್ಟಾಗಿರುತ್ತದೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರು ಪ್ರೀಮಿಯಂ (ಹರಾಜಿನವರ ಶುಲ್ಕ) ಮತ್ತು ತೆರಿಗೆ ಕೊಡಬೇಕು, ಮಾರುವವರ ಹಣದಲ್ಲಿ ಕಮಿಷನ್ ಕಳೆಯುತ್ತಾರೆ. ಹಾಗಾಗಿ ಪತ್ರಿಕೆಯಲ್ಲಿ ಬರುವ ದೊಡ್ಡ ಮೊತ್ತ ಮಾರಿದವರ ಕೈಗೆ ಪೂರ್ತಿ ಬಂದಿರುವುದಿಲ್ಲ. ಯಾರೂ ಕೂಗದಿದ್ದರೆ ವಸ್ತು ವಾಪಸ್.

ಇನ್ನೊಂದು ಸತ್ಯವನ್ನೂ ಹೇಳಬೇಕು. ನಮ್ಮ ಮನೆಯ ಹೆಚ್ಚಿನ ಸಾಮಾನು ಇಂಥ ಹರಾಜಿಗೆ ಹೋಗುವಂಥದ್ದಲ್ಲ. ಬಚ್ಚಲಿನ ಹಂಡೆಗೆ ಲಕ್ಷ ಬರುವುದಿಲ್ಲ. ಈ ಲಕ್ಷದ ಆಸೆಯನ್ನೇ ಹಿಡಿದು ಮೋಸ ಮಾಡುವವರ ದೊಡ್ಡ ಜಾಲವೇ ಇದೆ. ಅಕ್ಕಿ ಎಳೆಯುವ ಚೊಂಬು, ರೈಸ್ ಪುಲ್ಲಿಂಗ್ ಅಂತಾರಲ್ಲ, ಅದನ್ನು ನಂಬಿ ತೋಟದ ಮೇಲೆ ಸಾಲ ಮಾಡಿದವರ ಕಥೆ ಕೇಳಿದರೆ ಸಂಕಟವಾಗುತ್ತದೆ. ಅಂಥ ಚೊಂಬು ಜಗತ್ತಿನಲ್ಲೇ ಇಲ್ಲ. 1818 ಅಂತ ಇಸವಿ ಹಾಕಿದ ರಾಮಸೀತೆಯ, ಹನುಮಂತನ ಈಸ್ಟ್ ಇಂಡಿಯಾ ಕಂಪನಿ ನಾಣ್ಯವೂ ಅಷ್ಟೇ, ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಾಂತರ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಅನ್ನುವ ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಳೆಯ ನೋಟು ನಾಣ್ಯ ಮಾರಿಸಿಕೊಡುವ ಕೆಲಸಕ್ಕೂ ತನಗೂ ಸಂಬಂಧವಿಲ್ಲ, ಯಾರಿಗೂ ಶುಲ್ಕ ಕೊಡಬೇಡಿ ಅಂತ.

ಕಾನೂನು ಬೇಸರದ ವಿಷಯ ಅನ್ನಿಸಬಹುದು, ಆದರೆ ಮಲೆನಾಡಿನ ಮನೆಗೆ ಇದು ಬೇಕೇ ಬೇಕು. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು, ನಾಣ್ಯಗಳು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪ್ರಾಚೀನ ವಸ್ತುಗಳೇ. ಇವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಕಲ್ಲು, ಲೋಹದ ಮೂರ್ತಿಯಂಥವನ್ನು ಮನೆಯಲ್ಲಿಟ್ಟುಕೊಂಡವರು ನೋಂದಣಿ ಮಾಡಿಸಬೇಕು. ತೋಟ ಅಗೆಯುವಾಗ ಮಡಕೆಯಲ್ಲಿ ನಾಣ್ಯ ಸಿಕ್ಕರೆ ಅದು ಅಜ್ಜನ ಆಸ್ತಿಯಾಗುವುದಿಲ್ಲ, ಸರ್ಕಾರಕ್ಕೆ ತಿಳಿಸಬೇಕು. ಆನೆದಂತದ ವ್ಯಾಪಾರ ಪೂರ್ತಿ ನಿಷಿದ್ಧ, ಎಷ್ಟೇ ಹಳೆಯದಾಗಿರಲಿ. ಜಗಲಿಯ ಗೋಡೆಗೆ ಹೊಡೆದ ಕಡವೆ ಕೊಂಬು, ಕಾಟಿ ಕೊಂಬು, ಪೆಟ್ಟಿಗೆಯಲ್ಲಿರುವ ಹುಲಿ ಉಗುರಿನ ಪದಕ, ಇವನ್ನು ಮಾರಲು ಹೋದರೆ ನೇರ ಕೇಸು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಗಲಾಟೆ ಎಷ್ಟಾಯಿತು, ಎಲ್ಲರಿಗೂ ನೆನಪಿದೆ.

ದೇವರ ಮೂರ್ತಿಯ ಬಗ್ಗೆ ನನ್ನದು ಗಟ್ಟಿ ಮಾತು. ಪೂರ್ವಾಪರ ಇಲ್ಲದ ಹಳೆಯ ಮೂರ್ತಿಯನ್ನು ಯಾರೇ ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಬಾಗಿಲಿಗೆ ಸರಿಯಾದ ಬೀಗವೂ ಇಲ್ಲದ ಬಸದಿ, ಗುಡಿಗಳು ನಮ್ಮ ಕಾಡಿನ ಅಂಚಿನಲ್ಲಿ ಎಷ್ಟಿವೆ. ಕೊಳ್ಳುವವರು ಇರುವುದರಿಂದಲೇ ಕದಿಯುವವರು ಹುಟ್ಟುತ್ತಾರೆ.

ಮನೆಗಳ ವಿಷಯ ಇನ್ನೂ ದೊಡ್ಡದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದಾಗ, ಜನ ಕಂಬ, ಬಾಗಿಲು, ತೊಲೆ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದ ಕಥೆಯನ್ನು ನಮ್ಮ ಕಡೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ಊರು ಹೋದರೂ ಕಂಬ ಬಿಡಲಿಲ್ಲ. ಈಗ ಅದೇ ಥರದ ಕೆತ್ತನೆಯ ಮುಂಡಿಗೆಗಳು ಒಂದೊಂದಾಗಿ ರೆಸಾರ್ಟುಗಳಿಗೆ, ಕಾರೈಕುಡಿ ಮತ್ತು ಕೊಚ್ಚಿಯ ಹಳೆ ಸಾಮಾನಿನ ಅಂಗಡಿಗಳಿಗೆ ಹೋಗುತ್ತವೆ. ಅಲ್ಲಿ ಅವುಗಳ ಮೇಲೆ "ದಕ್ಷಿಣ ಭಾರತದ ಕಂಬ" ಅಂತ ಒಂದು ಚೀಟಿ. ಯಾವ ತಾಲ್ಲೂಕು, ಯಾವ ಮನೆ, ಕೆತ್ತಿದವರು ಯಾರು, ಒಂದೂ ಇಲ್ಲ. ಸಾಗರ, ಸೊರಬದ ಗುಡಿಗಾರರ ಕೈಕೆಲಸಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಏನಿದೆ? ಉಡುಪಿ ಕಡೆ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಇಡೀ ಇಡೀ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಹೋಗಿ ನೋಡಿ. ಕಂಬವೊಂದು ತನ್ನ ಮನೆಯ ಒಳಾಂಗಣದ ಚೌಕಿಯಲ್ಲೇ ನಿಂತಾಗ ಹೇಗಿರುತ್ತದೆ, ಅಂಗಡಿಯ ಮೂಲೆಗೆ ಒರಗಿದಾಗ ಹೇಗಿರುತ್ತದೆ ಅನ್ನುವ ವ್ಯತ್ಯಾಸ ಅಲ್ಲಿ ಕಾಣುತ್ತದೆ.

ಕಾಗದ ಮತ್ತು ಓಲೆಗಳನ್ನಂತೂ ಮೊದಲು ಹರಾಜಿನ ಕಡೆ ನೋಡದೆ ಕೆಳದಿಯ ಕಡೆ ನೋಡಿ ಅಂತ ನನ್ನ ಬೇಡಿಕೆ. ಕೆಳದಿ ಗುಂಡಾ ಜೋಯಿಸರು ಮನೆ ಮನೆ ಅಲೆದು ಕೂಡಿಸಿದ ಕಡತ (ಕಪ್ಪು ಬಟ್ಟೆಯ ಹಳೆಯ ಲೆಕ್ಕಪುಸ್ತಕ), ತಾಳೆಗರಿ, ನಾಣ್ಯ, ಶಾಸನಗಳ ಸಂಗ್ರಹ ಅಲ್ಲಿನ ಮ್ಯೂಸಿಯಂನಲ್ಲಿದೆ, ಹಿಂದೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿಯ ಓಲೆಗಳೂ ಬಹಳ ಇವೆ. ಶಿವಮೊಗ್ಗದ ಹತ್ತಿರ ಲಕ್ಕಿನಕೊಪ್ಪದಲ್ಲಿ ಅಮೂಲ್ಯ ಶೋಧ ಇದೆ, ಒಬ್ಬ ಸಂಗ್ರಹಕಾರರ ಶ್ರದ್ಧೆಯಿಂದ ಎದ್ದ ಮ್ಯೂಸಿಯಂ. ಗೆದ್ದಲು ತಿಂದ ಓಲೆಕಟ್ಟು ಹರಾಜಿನಲ್ಲಿ ನಿಮಗೆ ಹೆಚ್ಚೇನೂ ತಂದುಕೊಡುವುದಿಲ್ಲ. ಓದಬಲ್ಲವರ ಕೈಗೆ ಬಿದ್ದರೆ ನಿಮ್ಮ ಊರಿನ ಇನ್ನೂರು ವರ್ಷದ ಗೇಣಿ, ಕಂದಾಯ, ಜಗಳ, ಔಷಧ ಎಲ್ಲ ಹೊರಗೆ ಬರಬಹುದು.

ನಮ್ಮ ಹತ್ತಿರದ ಒಂದು ಮನೆಯವರು ದೀಪಾವಳಿ ಕಳೆದ ಮೇಲೆ ಮನೆ ಬಿಚ್ಚುತ್ತಾರೆ. ಅವರ ಜೊತೆ ಕೂತು ಪಟ್ಟಿ ಮಾಡಿದ್ದೇವೆ. ಬಿಚ್ಚುವ ಮೊದಲು ಪ್ರತಿ ಕೋಣೆಯ ಫೋಟೋ, ಸಾಮಾನು ಇದ್ದ ಜಾಗದಲ್ಲೇ. ಜಗಲಿಯ ಕಂಬಗಳನ್ನು ಬಿಡಿಯಾಗಿ ಕೊಡದೆ ಒಂದೇ ಜೋಡಣೆಯಾಗಿ ಮಾತ್ರ ಕೊಡುವುದು, ಜೊತೆಗೆ ಮನೆಯ ಹೆಸರು ಮತ್ತು ಕಟ್ಟಿದ ಕಾಲ ಬರೆದ ಕಾಗದ ಕೊಡುವುದು. ಚನ್ನೆಮಣೆ ಮತ್ತು ತೂಗುದೀಪ ಮಗಳಿಗೆ. ಮುದ್ರೆ ಒತ್ತಿದ ಸೇರು ಪಾವುಗಳ ಪೂರ್ತಿ ಸೆಟ್ ಅಳತೆ ಸಂಗ್ರಹಿಸುವವರಿಗೆ. ಕಪ್ಪು ಬಟ್ಟೆಯ ಕಡತ ಎರಡು ಗಂಟು ಸಿಕ್ಕಿದೆ, ಅದು ಕೆಳದಿಗೆ. ದೊಡ್ಡ ಹಂಡೆಗಳ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ, ಕೊಡಲು ಅತ್ತೆಗೆ ಮನಸ್ಸಿಲ್ಲ, ಇಡಲು ಸೊಸೆಗೆ ಜಾಗವಿಲ್ಲ. ಊರ ದೇವಸ್ಥಾನದ ಅಡುಗೆಮನೆಗೆ ಕೊಡಿ ಅಂತ ನಾನು ಹೇಳಿದ್ದೇನೆ.