ನಾಲ್ವರ ಮನೆಯಲ್ಲಿ ಇಪ್ಪತ್ತು ಜನ

ರಜೆಗೆ ಬಂಧುಬಳಗವೆಲ್ಲ ಒಬ್ಬರ ಮನೆಯಲ್ಲಿ ಸೇರುವುದು ಅಂತಾದ ಕೂಡಲೇ ಮಾತು ಅಡುಗೆಯ ಪಟ್ಟಿಗೆ ಹೋಗುತ್ತದೆ. ಮನಸ್ತಾಪ ಹುಟ್ಟುವುದು ಮಾತ್ರ ಹೆಚ್ಚಾಗಿ ಬಚ್ಚಲುಮನೆಯ ಬಾಗಿಲಲ್ಲಿ. ನಾಲ್ಕು ಜನಕ್ಕೆ ಕಟ್ಟಿದ ಮನೆಗೆ ಇಪ್ಪತ್ತು ಜನ ಬಂದಿಳಿದರೆ ಮೊದಲು ಕೈಕೊಡುವುದು ನೀರು, ಆಮೇಲೆ ಬಿಸಿನೀರು, ಆಮೇಲೆ ನಿದ್ದೆ.

ನೀರಿನ ಲೆಕ್ಕ ಹಾಕಿ ನೋಡಿ. ಒಂದು ಬಕೆಟ್ ಸ್ನಾನಕ್ಕೆ 18ರಿಂದ 20 ಲೀಟರ್. ಫ್ಲಶ್ ಒಂದು ಸಲಕ್ಕೆ 6ರಿಂದ 9 ಲೀಟರ್, ದಿನಕ್ಕೆ ಐದು ಸಲ ಅಂದರೂ 30 ಲೀಟರಿಗೆ ಕಡಿಮೆಯಿಲ್ಲ. ಪಾತ್ರೆ, ಅಡುಗೆ, ಕೈತೊಳೆಯುವುದು ಸೇರಿದರೆ ತಲೆಗೆ 80 ಲೀಟರ್ ಆರಾಮಾಗಿ ಖರ್ಚಾಗುತ್ತದೆ. ಇಪ್ಪತ್ತು ಜನಕ್ಕೆ 1,600 ಲೀಟರ್. ಮೇಲಿನ ಟ್ಯಾಂಕ್ 1,000 ಲೀಟರಿನದಾದರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ನಲ್ಲಿ ಗಾಳಿ ಉಗುಳುತ್ತದೆ, ಯಾಕೆಂದರೆ ಖರ್ಚಿನ ಬಹುಪಾಲು ಬೆಳಗಿನ ಮೊದಲ ಮೂರು ತಾಸಿನಲ್ಲೇ ಆಗಿಹೋಗಿರುತ್ತದೆ. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಇನ್ನೊಮ್ಮೆ ಟ್ಯಾಂಕ್ ತುಂಬಿಸುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದುಬಿಡಿ. ‘ಯಾರಾದರೂ ಮೋಟಾರ್ ಹಾಕ್ತಾರೆ’ ಅಂದುಕೊಂಡರೆ ಯಾರೂ ಹಾಕುವುದಿಲ್ಲ. ಇಲ್ಲವೇ ಹಾಕಿದವರು ಆರಿಸುವುದನ್ನು ಮರೆಯುತ್ತಾರೆ. ಷವರ್ ನಿಮಿಷಕ್ಕೆ 8–10 ಲೀಟರ್ ನುಂಗುವುದರಿಂದ ಈ ದಿನಗಳಲ್ಲಿ ಬಕೆಟ್ಟೇ ಸರಿ.

ಗೀಸರಿನದು ಬೇರೆ ಕಥೆ. 25 ಲೀಟರ್ ತೊಟ್ಟಿ, 2 ಕಿಲೋವ್ಯಾಟ್ ಕಾಯಿಲ್ ಇರುವ ಗೀಸರ್ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ ನೀರು 55 ಲೀಟರ್ ಸುಮಾರು ಸಿಗುತ್ತದೆ, ಅಂದರೆ ಮೂರೇ ಸ್ನಾನ. ನಾಲ್ಕನೆಯವರು ನಡುಗುತ್ತಾ ಹೊರಬರುವುದು ಗೀಸರ್ ಕೆಟ್ಟಿದ್ದಕ್ಕಲ್ಲ, ಇದೇ ಲೆಕ್ಕಕ್ಕೆ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಬಿಸಿನೀರನ್ನು ನಿಲ್ಲಿಸದೆ ಕೊಡುತ್ತದೆ, ಆದರೆ ನಿಮಿಷಕ್ಕೆ ಮೂರು ಲೀಟರಿನಂತೆ. ಬಕೆಟ್ ತುಂಬಲು ಆರೇಳು ನಿಮಿಷ ಬೇಕು. ಇಪ್ಪತ್ತೂ ಜನ ಬೆಳಗ್ಗೆಯೇ ಮೀಯಬೇಕೆಂದು ಹೊರಟರೆ ಮೂರು ಗಂಟೆಯ ಸಾಲು. ಮಕ್ಕಳಿಗೆ ಮತ್ತು ಒಪ್ಪುವ ದೊಡ್ಡವರಿಗೆ ಹಿಂದಿನ ಸಂಜೆಯೇ ಸ್ನಾನ ಮುಗಿಸಿಬಿಡಿ. ಎರಡು ಶೌಚಾಲಯವಿದ್ದರೆ ಒಂದರಲ್ಲಿ ಬೆಳಗ್ಗೆ ಯಾರೂ ಸ್ನಾನಕ್ಕೆ ಇಳಿಯಕೂಡದು. ವಯಸ್ಸಾದವರಿಗೆ ಕಾಯುವುದು ಆಗದು, ಅವರು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಅಡುಗೆಮನೆಯಲ್ಲಿ ಎಡವಟ್ಟಾಗುವುದು ಅಳತೆಯಲ್ಲಿ. ನಾಲ್ಕು ಜನದ ಅಳತೆಯನ್ನು ಐದರಿಂದ ಗುಣಿಸಿದರೆ ಅನ್ನ ಮುದ್ದೆಯಾಗುತ್ತದೆ: ದೊಡ್ಡ ಪಾತ್ರೆಯಲ್ಲಿ ಒಳಗಿನ ಪ್ರಮಾಣಕ್ಕೆ ಹೋಲಿಸಿದರೆ ಬಾಯಿ ಚಿಕ್ಕದು, ಆವಿಯಾಗಿ ಹೋಗುವ ನೀರಿನ ಪಾಲೂ ಕಡಿಮೆ. ನೀರು ಸ್ವಲ್ಪ ಹಿಡಿದು ಹಾಕಿ. ಉಪ್ಪು, ಖಾರ ಲೆಕ್ಕದ ಮುಕ್ಕಾಲು ಪಾಲು ಮೊದಲು ಬೀಳಲಿ, ಉಳಿದದ್ದು ರುಚಿ ನೋಡಿಕೊಂಡು. ಅನ್ನವೇ ಮುಖ್ಯವಾದ ಊಟಕ್ಕೆ ದೊಡ್ಡವರಿಗೆ ತಲೆಗೆ 100 ಗ್ರಾಂ ಅಕ್ಕಿ ಸಾಕು. ಮಕ್ಕಳೂ ಸೇರಿದ ಇಪ್ಪತ್ತು ಜನಕ್ಕೆ 2 ಕೆಜಿ ಮೀರಬೇಕಿಲ್ಲ. ಕುಕ್ಕರನ್ನು ಮೂರನೇ ಎರಡು ಪಾಲಿಗಿಂತ ಹೆಚ್ಚು ತುಂಬಬೇಡಿ. ಬೇಳೆಕಾಳಿಗಾದರೆ ಅರ್ಧವೇ ಮಿತಿ, ನೊರೆ ಎದ್ದು ಆವಿಯ ದಾರಿ ಕಟ್ಟಿಕೊಳ್ಳುತ್ತದೆ.

ಉಳಿದ ಅನ್ನದ ದೊಡ್ಡ ಪಾತ್ರೆಯನ್ನು ಮುಚ್ಚಿ ಹಾಗೇ ರಾತ್ರಿಯಿಡೀ ಇಡುವುದು ಇಂಥ ಕೂಟಗಳಲ್ಲಿ ಎಲ್ಲರೂ ಮಾಡುವ ಅಪಾಯದ ಕೆಲಸ. 5ರಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಜೀವಿಗಳು ಭರಭರನೆ ಬೆಳೆಯುತ್ತವೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಒಂದು ಬಗೆಯ ವಿಷ ಮತ್ತೆ ಕಾಯಿಸಿದರೂ ಹೋಗದು. ಊಟವಾಗಿ ಎರಡು ಗಂಟೆಯೊಳಗೆ, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆಯೊಳಗೆ, ಅಗಲ ತಟ್ಟೆಗಳಲ್ಲಿ ಎರಡು ಇಂಚು ಮೀರದಂತೆ ಹರಡಿ ಫ್ರಿಜ್ಜಿಗೆ ಸೇರಿಸಿ. ಜಾಗಕ್ಕಾಗಿ ನೀರಿನ ಬಾಟಲಿಗಳನ್ನು ಹೊರಗೆ ತೆಗೆಯಿರಿ. ಒಳಗೆ ಗಾಳಿಯಾಡದಷ್ಟು ತುರುಕಿದ ಫ್ರಿಜ್ ಓಡುತ್ತಿರುತ್ತದೆ, ತಣ್ಣಗೆ ಮಾಡುವುದಿಲ್ಲ.

ಊಟ ತಡವಾಗುವುದು ಇಂಥಲ್ಲಿ ಮಾಮೂಲು. ಇನ್ಸುಲಿನ್ ಚುಚ್ಚಿಕೊಂಡ ದೊಡ್ಡಪ್ಪನಿಗೆ ಅದು ಮಾಮೂಲಲ್ಲ. ತಟ್ಟೆ ಎದುರಿಗೆ ಬರುವ ಭರವಸೆ ಸಿಕ್ಕ ಮೇಲೆಯೇ ಚುಚ್ಚಿಕೊಳ್ಳಲಿ, ಅವರ ಪಂಕ್ತಿ ಮೊದಲೇ ಆಗಲಿ. ರಕ್ತದ ಸಕ್ಕರೆ ಇಳಿದು ಬೆವರು, ನಡುಕ ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೊರಡಿ. ಅಜ್ಜಿಯರ ಮಾತ್ರೆಯ ಚೀಲಗಳು ನೆಲದ ಮೇಲೆ, ಮಂಚದ ಮೇಲೆ ಬಿದ್ದಿರುತ್ತವೆ, ತೆವಳುವ ಮಕ್ಕಳ ಕೈಗೆ ಮೊದಲು ಸಿಗುವುದೂ ಅವೇ. ಬಂದ ತಕ್ಷಣ ಎಲ್ಲವನ್ನೂ ಒಂದು ಎತ್ತರದ ಕಪಾಟಿಗೆ ಸೇರಿಸಿ. ಆಟಿಕೆಯ ಬಟನ್ ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ಕಾಯುವ ಮಾತೇ ಇಲ್ಲ. ಎರಡು ಗಂಟೆಯಲ್ಲಿ ಅದು ಅನ್ನನಾಳವನ್ನು ಸುಡಬಲ್ಲದು.

ವಿದ್ಯುತ್ತಿನದು ಒಂದೇ ಮಾತು: 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡ್ 230 ವೋಲ್ಟಿನಲ್ಲಿ 1,380 ವ್ಯಾಟ್ ಹೊರುತ್ತದೆ. ಮೊಬೈಲ್‌ಗಳು ಎಷ್ಟಾದರೂ ಇರಲಿ, 2,000 ವ್ಯಾಟಿನ ಇಂಡಕ್ಷನ್ ಒಲೆ ಬೇಡ.

ಮಲಗುವ ಜಾಗವನ್ನು ಹಗಲಲ್ಲೇ ಹಂಚಿ. ಮಂಡಿನೋವಿನವರಿಗೆ ಮಂಚ, ಅದೂ ಶೌಚಾಲಯದ ಹತ್ತಿರದ ಕೋಣೆಯಲ್ಲಿ. ದಾರಿಯಲ್ಲಿ ಹಾಸಿಗೆ ಹಾಸದೆ ಒಂದು ಸಣ್ಣ ದೀಪ ಉರಿಯಲಿ. ಗೊರಕೆಯವರಿಗೆಲ್ಲ ಒಂದೇ ಕೋಣೆ ಕೊಡಿ, ಮುಲಾಜು ಬೇಡ.

ಹೊರಡುವ ದಿನ ನೆಂಟರು ಕೇಳುವುದು ‘ಏನಾದ್ರೂ ಮಾಡ್ಲಾ ಅತ್ತೆ?’ ಅಂತ. ಉತ್ತರ ಗೊತ್ತಿದ್ದದ್ದೇ: ‘ಏನೂ ಬೇಡ, ಕೂತ್ಕೋ.’ ಕೇಳದೆ ಮಾಡಿ. ನೀವು ಹೊದ್ದ ಹಾಸಿಗೆಬಟ್ಟೆ ತೆಗೆದು ಒಂದೆಡೆ ರಾಶಿ ಹಾಕಿ, ಕಸ ಹೊರಗಿಡಿ, ಫ್ರಿಜ್ಜಿನಲ್ಲಿ ಉಳಿದದ್ದನ್ನು ಹಂಚಿಕೊಂಡು ಒಯ್ಯಿರಿ, ಗೋಡೆಯ ಪ್ಲಗ್ಗುಗಳಲ್ಲಿ ಚಾರ್ಜರ್ ಉಳಿದಿದೆಯೇ ನೋಡಿ, ಕೊನೆಗೊಮ್ಮೆ ಟ್ಯಾಂಕ್ ತುಂಬಿಸಿ ಹೊರಡಿ. ಅತ್ತೆ ಮಧ್ಯಾಹ್ನ ಆ ಬಟ್ಟೆಯನ್ನೆಲ್ಲ ಒಗೆಯಬೇಕಲ್ಲ.