ಟಾರ್ಚಿನ ನೆರಳು ಬಿದ್ದ ಕಡೆ

ಕಾಫಿ ಕೊಯ್ಲು ಜೋರಾಗುವ ಮುಂಚೆ ಕೆಲಸ ಮುಗಿಸಿಕೊಡಬೇಕಿತ್ತು. ಚಿಕ್ಕಮಗಳೂರಿನ ಹೊರಗಿದ್ದ ಒಂದು ಕಾಫಿ ಕ್ಯೂರಿಂಗ್ ಘಟಕ, ಅಂದರೆ ಕಾಫಿ ಬೀಜ ಹದ ಮಾಡುವ ಜಾಗ. ಒಳ್ಳೆ ಬೀಜ ಆರಿಸಿ ತೆಗೆಯುವ ದೊಡ್ಡ ಹಾಲ್‌ನ ಚಾವಣಿಗೆ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಹಾಕುತ್ತಿದ್ದೆವು. ಪೈಪು ಎಳೆದಾಗಿತ್ತು, ನೀರು ಚಿಮ್ಮುವ ಹೆಡ್‌ಗಳೂ ಕೂತಿದ್ದವು. ನಕ್ಷೆಯಲ್ಲಿ ಹೆಡ್‌ನಿಂದ ಹೆಡ್‌ಗೆ ದೂರ ಎಲ್ಲೂ ಮಿತಿಯಾದ 4.6 ಮೀಟರ್ ದಾಟಿರಲಿಲ್ಲ. ಕೊನೇ ಸಲ ನೋಡಿ ಬರೋಣ ಅಂತ ಹಾಸನದಿಂದ ಬೇಲೂರು ದಾರಿಯಲ್ಲಿ ಹೊರಟೆ.

ಒಳಗೆ ಹೋಗಿ ತಲೆ ಎತ್ತಿದರೆ ನಕ್ಷೆಯಲ್ಲಿ ಇಲ್ಲದ ಡಕ್ಟು, ಗಾಳಿ ಹೋಗುವ ತಗಡಿನ ದೊಡ್ಡ ಕೊಳವೆ! ಧೂಳು ಎಳೆಯಲು ಅಂತ ಬೇರೆಯವರು ಹಾಕಿ ಹೋಗಿದ್ದರು. ಅಳೆದೆ, ಒಂದೂವರೆ ಮೀಟರ್ ಅಗಲ. ನಮ್ಮ ಹೆಡ್‌ಗಳೆಲ್ಲ ಅದರ ಮೇಲ್ಗಡೆ. ಕೆಳಗೆ ಹೆಂಗಸರು ಕೂತು ಬೀಜ ಆರಿಸುವ ಉದ್ದನೆಯ ಮೇಜು.

ಮ್ಯಾನೇಜರಿಗೆ ಹೇಳಿದೆ. "ನೀರಂತೂ ಬರುತ್ತೆ ಅಲ್ವಾ? ಸೀಸನ್ ಹತ್ತಿರ ಬಂತು, ಬಿಡಿ" ಅಂದರು.

ನಮ್ಮ ಹಿರಿಯ ಫಿಟ್ಟರ್ ಏನೂ ಮಾತಾಡಲಿಲ್ಲ. ಹೆಂಗಸರು ಊಟಕ್ಕೆ ಎದ್ದ ಮೇಲೆ ಕಿಟಕಿ ಮುಚ್ಚಿಸಿ ದೀಪ ಆರಿಸಿದರು. ಏಣಿ ಹತ್ತಿ, ಒಂದು ಹೆಡ್‌ನ ಪಕ್ಕ ಟಾರ್ಚ್ ಹಿಡಿದರು. ಹಾಲೆಲ್ಲ ಬೆಳಕಾಯಿತು, ಮೇಜು ಮಾತ್ರ ಕತ್ತಲಲ್ಲೇ ಉಳಿಯಿತು. "ಬೆಳಕು ಬೀಳದ ಕಡೆ ನೀರೂ ಬೀಳಲ್ಲ ಸಾರ್" ಅಂದರು.

ನೀರು ಬೆಳಕಿನಷ್ಟು ನೇರ ಹೋಗುವುದಿಲ್ಲ, ನಿಜ. ಹೆಡ್‌ನ ತುದಿಯ ಹಲ್ಲುಹಲ್ಲಿನ ತಟ್ಟೆಗೆ ಬಡಿದು, ಕೊಡೆಯ ಹಾಗೆ ಅರಳಿ ಬಾಗುತ್ತದೆ. ಆದರೆ ಇಷ್ಟು ಅಗಲದ ತಗಡಿನ ಕೆಳಗೆ ಅದು ನುಗ್ಗುವುದು ಹೇಗೆ? ಮೇಜಿಗೆ ಬೆಂಕಿ ಬಿದ್ದರೆ ಬಿಸಿ ಪಕ್ಕದಿಂದ ಮೇಲೇರುತ್ತದೆ. 68 ಡಿಗ್ರಿಗೆ ಹೆಡ್‌ನ ಬಾಯಿ ಮುಚ್ಚಿ ಹಿಡಿದಿರುವ ಕೆಂಪು ಗಾಜಿನ ಬಲ್ಬು ಒಡೆಯುತ್ತದೆ. ನೀರು ಡಕ್ಟಿನ ಬೆನ್ನ ಮೇಲೆ ಸುರಿಯುತ್ತದೆ, ಬೆಂಕಿ ಕೆಳಗೆ ಉರಿಯುತ್ತಲೇ ಇರುತ್ತದೆ. ಬಿಸಿ ಹರಡಿದ ಹಾಗೆ ಅಕ್ಕಪಕ್ಕದ ಹೆಡ್‌ಗಳೂ ತೆರೆದುಕೊಂಡು ಒತ್ತಡ ಇಳಿಯುತ್ತದೆ. ಅಷ್ಟು ಹೊತ್ತಿಗೆ ಆ ಮೇಜಿನ ಗತಿ ಏನು? ನನಗೆ ಎದೆ ಭಾರವಾಯಿತು.

ಮ್ಯಾನೇಜರು ಆ ನೆರಳನ್ನು ಒಂದು ನಿಮಿಷ ನೋಡಿದರು. "ಎಷ್ಟು ದಿನ ಬೇಕು?" ಅಂತಷ್ಟೇ ಕೇಳಿದರು.

ಅಡ್ಡ ಬಂದದ್ದು 1.2 ಮೀಟರಿಗಿಂತ ಅಗಲ ಇದ್ದರೆ ಅದರ ಕೆಳಗೂ ಹೆಡ್ ಬೇಕೇ ಬೇಕು. ಪೈಪಿನ ನೀರು ಇಳಿಸಿ, ಡಕ್ಟಿನ ಕೆಳಗೆ ಹೊಸ ಸಾಲು ಎಳೆದೆವು. ಟಾರ್ಚ್ ಹಿಡಿದಾಗ ನಮ್ಮದೇ ಇನ್ನೊಂದು ತಪ್ಪೂ ಸಿಕ್ಕಿತ್ತು. ಒಂದು ಹೆಡ್ ಕಾಂಕ್ರೀಟ್ ಬೀಮಿಗೆ ಬರೀ 40 ಸೆಂಟಿಮೀಟರ್ ದೂರದಲ್ಲಿತ್ತು. ಅಷ್ಟು ಹತ್ತಿರ ಇದ್ದರೆ ಅದರ ತಟ್ಟೆ ಬೀಮಿನ ತಳಕ್ಕಿಂತ ಆರೇಳು ಸೆಂಟಿಮೀಟರ್ ಮಾತ್ರ ಮೇಲಿರಬಹುದು. ನಮ್ಮದು 30 ಸೆಂಟಿಮೀಟರ್ ಮೇಲಿತ್ತು, ಬೀಮೇ ನೀರಿಗೆ ಅಡ್ಡ. ಹೆಡ್ಡನ್ನು ಬೀಮಿನಿಂದ ಒಂದೂಕಾಲು ಮೀಟರ್ ದೂರಕ್ಕೆ ಸರಿಸಿದೆವು. ಇದಕ್ಕೆ ನಾನೇ ಹೊಣೆ. ಕಾಗದ ನೋಡಿದ್ದೆ, ಬೀಮು ನೋಡಿರಲಿಲ್ಲ.

ಮೂರನೇ ದಿನ ಕೆಲಸ ಮುಗಿಯಿತು. ಮೇಜಿನ ತುದಿಯಲ್ಲಿ ಕೂರುವ ಅಕ್ಕ ಹೊಸ ಹೆಡ್ ನೋಡಿ, "ಇಷ್ಟು ದಿನ ನಮ್ಮ ತಲೆ ಮೇಲೆ ಇದು ಇರ್ಲಿಲ್ವಾ?" ಅಂದರು.

"ಇರ್ಲಿಲ್ಲ ಅಕ್ಕ. ಈಗ ಇದೆ. ಇದಕ್ಕೆ ಬ್ಯಾಗು, ದಾರ ಏನೂ ನೇತು ಹಾಕ್ಬೇಡಿ" ಅಂದೆ.